ತಟ್ಟೆ ಬೇರೆ ಇಡೋದು ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಾನು ದಾವಣಗೆರೆಯವಳು, ವಯಸ್ಸು 34. ಮದುವೆಯಾಗಿ ನ್ಯೂಜೆರ್ಸಿಗೆ ಬಂದು ಆರು ವರ್ಷ ಆಯಿತು. ಈಗ ಮೂರು ತಿಂಗಳ ಬಸುರಿ. ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಪಾಸಿಟಿವ್ ಬಂದಿದೆ. ನಮ್ಮ ಮನೆಯಲ್ಲಿ ಯಾರೂ ಕುಡಿಯಲ್ಲ, ಮಾಂಸ ತಿನ್ನಲ್ಲ. ಇಲ್ಲಿಗೆ ಬಂದ ಮೇಲೆ ಅಂಟಿತಾ? ಅತ್ತೆ ನನ್ನ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. ಮಗುವಿನ ಗತಿ ಏನು?

ಉತ್ತರ: ಮೊದಲು ಆ ತಟ್ಟೆಯನ್ನು ಎತ್ತಿ ಎಲ್ಲರ ತಟ್ಟೆಗಳ ಜೊತೆ ಇಡಿ. ಹೆಪಟೈಟಿಸ್ ಬಿ ಅಂದರೆ ಲಿವರ್‌ಗೆ ತಗಲುವ ಒಂದು ವೈರಸ್. ಇದು ಊಟದಿಂದ, ಎಂಜಲಿನಿಂದ, ಅಪ್ಪಿಕೊಂಡರೆ, ಕೆಮ್ಮಿದರೆ ಬರುವ ಕಾಯಿಲೆ ಅಲ್ಲ. ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆ ಹೊತ್ತಲ್ಲಿ ತಾಯಿಯಿಂದ ಮಗುವಿಗೆ ಬರುತ್ತದೆ. ಬೇರೆ ಇಡಬೇಕಾದ್ದು ಬ್ಲೇಡು, ಟೂತ್ ಬ್ರಷ್, ಉಗುರು ಕಟ್ಟರ್, ಅಷ್ಟೇ.

ಇನ್ನು ಎಲ್ಲಿಂದ ಬಂತು ಅನ್ನೋದು. ಬಹುಶಃ ದಾವಣಗೆರೆಯಿಂದಲೇ ನಿಮ್ಮ ಜೊತೆ ವಿಮಾನ ಹತ್ತಿದೆ. ದೊಡ್ಡವರಿಗೆ ಅಂಟಿದರೆ ನೂರಕ್ಕೆ 95 ಜನರಲ್ಲಿ ತಾನೇ ಹೋಗಿಬಿಡುತ್ತದೆ, ಆದರೆ ಹುಟ್ಟುವಾಗ ಅಂಟಿದರೆ ನೂರಕ್ಕೆ 90 ಮಕ್ಕಳಲ್ಲಿ ಜೀವನಪೂರ್ತಿ ಉಳಿಯುತ್ತದೆ, ಅದೂ ಒಂದು ದಿನ ಜ್ವರ ಕೂಡ ಬರಿಸದೆ. ನೀವು ಹುಟ್ಟಿದಾಗ ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಇದು ಇರಲಿಲ್ಲ. 2002ರಲ್ಲಿ ಕೆಲವು ಕಡೆ ಶುರುವಾಗಿ ದೇಶಪೂರ್ತಿ ಬಂದದ್ದು 2011ಕ್ಕೆ. ಮೇಲಾಗಿ ಆಗ ಊರಿನ ಡಾಕ್ಟ್ರ ಸ್ಟೀಲ್ ಡಬ್ಬಿ ನೆನಪಿದೆಯಾ? ಸ್ಟವ್ ಮೇಲೆ ನೀರಲ್ಲಿ ಗಾಜಿನ ಸಿರಿಂಜು ಕುದೀತಾ ಇರುತ್ತಿತ್ತು, ರೋಗಿಗಳು ಜಾಸ್ತಿಯಾದ ದಿನ ಸರಿಯಾಗಿ ಕುದಿಯುತ್ತಲೂ ಇರಲಿಲ್ಲ. ಇದರಲ್ಲಿ ಯಾರ ನಡತೆಯ ಪ್ರಶ್ನೆಯೂ ಇಲ್ಲ.

ನೀವು ಒಬ್ಬರೇ ಅಲ್ಲ. ಅಮೆರಿಕದಲ್ಲಿ ಏಷ್ಯಾ ಮೂಲದವರು ನೂರಕ್ಕೆ ಏಳು ಜನ ಇರಬಹುದು, ಆದರೆ ಈ ವೈರಸ್ ಖಾಯಂ ಆಗಿ ಇರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಅವರೇ. ವಲಸೆ ಬಂದಿದ್ದಕ್ಕೆ ಬಂದ ಕಾಯಿಲೆ ಅಲ್ಲ, ಹುಟ್ಟಿದ ಊರಿನ ಲೆಕ್ಕ ಅದು. ಭಾರತದಲ್ಲೇ 2022ರಲ್ಲಿ ಸುಮಾರು 2.98 ಕೋಟಿ ಜನರಿಗೆ ಇತ್ತು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಚೀನಾ, ವಿಯೆಟ್ನಾಂ ಕಡೆಯವರಿಗಿಂತ ನಮ್ಮಲ್ಲಿ ಕಮ್ಮಿ, ಅದಕ್ಕೇ ನಮ್ಮವರು ‘ನಮಗೆಲ್ಲಿ ಬರುತ್ತೆ’ ಅಂತ ಸುಮ್ನೆ ಇದ್ದುಬಿಡುತ್ತಾರೆ. ದೊಡ್ಡವರೆಲ್ಲ ಜೀವನದಲ್ಲಿ ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2023ರಲ್ಲೇ ಹೇಳಿದೆ, ಬಸುರಿಯಾಗದಿದ್ದರೆ ನೀವು ಮಾಡಿಸುತ್ತಿದ್ದಿರಾ?

ಮಗುವಿನ ಬಗ್ಗೆ ಧೈರ್ಯವಾಗಿರಿ. ವೈರಸ್ ಎಷ್ಟಿದೆ ಅಂತ ವೈರಲ್ ಲೋಡ್ ನೋಡುತ್ತಾರೆ. ಒಂದು ಮಿಲಿಲೀಟರ್‌ಗೆ ಎರಡು ಲಕ್ಷ ಯೂನಿಟ್ ದಾಟಿದ್ದರೆ ಕೊನೆಯ ತಿಂಗಳುಗಳಲ್ಲಿ ವೈರಸ್ ತಗ್ಗಿಸುವ ಟೆನೊಫೊವಿರ್ ಮಾತ್ರೆ ಕೊಡುತ್ತಾರೆ. ಮಗು ಹುಟ್ಟಿದ 12 ಗಂಟೆಯೊಳಗೆ ಎರಡು ಚುಚ್ಚುಮದ್ದು ಬೀಳಬೇಕು, ಒಂದು ಲಸಿಕೆ, ಇನ್ನೊಂದು ಇಮ್ಯುನೋಗ್ಲಾಬ್ಯುಲಿನ್, ಅಂದರೆ ವೈರಸ್ ತಡೆಯುವ ಸಿದ್ಧ ಪ್ರತಿಕಾಯ. ಇದನ್ನು ಹೆರಿಗೆಗೆ ಮುಂಚೆಯೇ ಆಸ್ಪತ್ರೆಯ ಫೈಲಿನಲ್ಲಿ ಬರೆಸಿ. ಉಳಿದ ಡೋಸ್ ತಪ್ಪಿಸಬೇಡಿ. ಎದೆಹಾಲು ಕುಡಿಸಬಹುದು. ಗಂಡನಿಗೆ ಪರೀಕ್ಷೆ ಮಾಡಿಸಿ, ವೈರಸ್ ಇಲ್ಲದಿದ್ದರೆ ಲಸಿಕೆ ಹಾಕಿಸಿ. ದಾವಣಗೆರೆಯಲ್ಲಿರುವ ನಿಮ್ಮ ತಾಯಿಗೂ ಅಣ್ಣತಮ್ಮಂದಿರಿಗೂ ಇವತ್ತೇ ಫೋನ್ ಮಾಡಿ, ಅವರೂ ಪರೀಕ್ಷೆ ಮಾಡಿಸಿಕೊಳ್ಳಲಿ.

ಪ್ರಶ್ನೆ: ಉಡುಪಿಯವನು, 27 ವರ್ಷ. ದುಬೈ ಕೆಲಸದ ಮೆಡಿಕಲ್‌ನಲ್ಲಿ ಇದೇ ಹೆಪಟೈಟಿಸ್ ಬಿ ಕಾರಣಕ್ಕೆ ಅನ್‌ಫಿಟ್ ಅಂತ ಬಂತು. ಏಜೆಂಟ್ ದುಡ್ಡು ಕೊಟ್ಟರೆ ಸರಿ ಮಾಡಿಸ್ತೀನಿ ಅಂತಾನೆ.

ಉತ್ತರ: ಕೊಡಬೇಡಿ. ಗಲ್ಫ್‌ನ ಹಲವು ಕೆಲಸಗಳ ವೀಸಾಕ್ಕೆ ಈ ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರನ್ನು ವಾಪಸ್ ಕಳಿಸುತ್ತಾರೆ, ಮೈಯಲ್ಲಿ ಕೆಲಸ ಮಾಡುವ ಶಕ್ತಿ ಇದ್ದರೂ. ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ಆದರೆ ನಿಯಮ ಹಾಗಿದೆ. ಕಾಮಾಲೆಯ ನಾಟಿ ಮದ್ದಿಗೂ ಈ ವೈರಸ್ ಹೋಗುವುದಿಲ್ಲ. 2018ರಲ್ಲಿ ಶುರುವಾದ ಸರ್ಕಾರದ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಆ ರಿಪೋರ್ಟ್ ಹಿಡಿದು ಜಿಲ್ಲಾ ಆಸ್ಪತ್ರೆಗೆ ಹೋಗಿ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ಲಿವರ್ ಹೇಗಿದೆ ನೋಡಿ ಅವರೇ ಹೇಳುತ್ತಾರೆ.