ಪತ್ರಿಕೆ, ಚಾನೆಲ್ ಎಲ್ಲ ಒಬ್ಬರದೇ ಆದರೆ ಓದುಗರಿಗೇನು ನಷ್ಟ?

ಪತ್ರಿಕೆಯೂ ಚಾನೆಲ್ಲೂ ಒಬ್ಬರ ಕೈಯಲ್ಲೇ ಇದ್ದರೆ ನಮಗೇನು ನಷ್ಟ, ಇದಕ್ಕೆ ಕಾನೂನಿನ ತಡೆ ಇಲ್ಲವೇ ಎಂದು ಕೇಳಿದ್ದೀರಿ. ತಡೆಯ ವಿಷಯ ಬೇಗ ಮುಗಿಯುತ್ತದೆ. ದೂರಸಂಪರ್ಕ, ಪ್ರಸಾರ ಕ್ಷೇತ್ರಗಳ ನಿಯಂತ್ರಣ ಸಂಸ್ಥೆಯಾದ ಟ್ರಾಯ್ 2014ರಲ್ಲಿ ಇಂಥ ಒಡೆತನಕ್ಕೆ ಮಿತಿ ಹೇರಬೇಕೆಂದು ಶಿಫಾರಸು ಮಾಡಿತು, 2022ರಲ್ಲಿ ಮತ್ತೆ ಸಮಾಲೋಚನಾ ಪತ್ರ ಹೊರಡಿಸಿತು. ಪತ್ರಿಕೆ, ಟಿ.ವಿ. ಎರಡೂ ಒಬ್ಬರದೇ ಆಗಬಾರದೆಂಬ ಕಾಯ್ದೆ ಮಾತ್ರ ಬರಲಿಲ್ಲ.

ನಷ್ಟದ ಬಗ್ಗೆ ನನ್ನದೇ ಕಥೆ ಹೇಳುತ್ತೇನೆ. ಜಿಲ್ಲಾ ಪತ್ರಿಕೆಯೊಂದರ ಡೆಸ್ಕಿನಲ್ಲಿ ಹತ್ತು ವರ್ಷ ಕೆಲಸ ಮಾಡಿದೆ. ಮಾಲೀಕರಿಗೆ ಪತ್ರಿಕೆಯ ಜೊತೆಗೆ ಒಂದು ಕೇಬಲ್ ಚಾನೆಲ್ಲು, ಐದಾರು ಬಸ್ಸುಗಳು ಇದ್ದವು. ಬೇರೆಯವರ ಬಸ್ ಹಳ್ಳಕ್ಕೆ ಬಿದ್ದರೆ ಶೀರ್ಷಿಕೆಯಲ್ಲೇ ಅದರ ಹೆಸರು. ನಮ್ಮದು ಬಿದ್ದರೆ ‘ಖಾಸಗಿ ಬಸ್ ಪಲ್ಟಿ’. ಹೀಗೆ ಬರೆಯಿರಿ ಎಂದು ಮಾಲೀಕರು ಒಂದು ದಿನವೂ ಹೇಳಲಿಲ್ಲ. ಹೆಸರನ್ನು ಹೊಡೆದುಹಾಕುತ್ತಿದ್ದವನು ನಾನೇ. ಫೋಟೊದಲ್ಲಿ ಮುಂಗಾಜಿನ ಮೇಲಿನ ಅಕ್ಷರ ಕಾಣದಂತೆ ಕತ್ತರಿಸುತ್ತಿದ್ದವನೂ ನಾನೇ. ಬರೆದದ್ದು ಸುಳ್ಳೇನಲ್ಲ, ಬಸ್ ಖಾಸಗಿಯದೇ ತಾನೇ! ಸಂಜೆ ಕೇಬಲ್ ಸುದ್ದಿಯಲ್ಲೂ ಅದೇ ವಾಕ್ಯ ಓದುತ್ತಿದ್ದರು. ಎರಡಕ್ಕೂ ವರದಿಗಾರ ಒಬ್ಬನೇ. ಪತ್ರಿಕೆ ಬಿಟ್ಟದ್ದನ್ನು ಟಿ.ವಿ.ಯವರು ಹಿಡಿಯುತ್ತಾರೆ ಎಂಬ ಭಯ ನನಗಿರಲಿಲ್ಲ. ನೀವು ಕಳೆದುಕೊಳ್ಳುವುದು ಆ ಭಯವನ್ನು.

ರಾಜ್ಯಮಟ್ಟದಲ್ಲೂ ಕೈ ಬದಲಾಗುವುದು ಹೊಸತಲ್ಲ. ವಿಜಯ ಕರ್ನಾಟಕ 2006ರಲ್ಲಿ ಟೈಮ್ಸ್ ಸಮೂಹಕ್ಕೆ ಮಾರಾಟವಾಯಿತು. ಮಾರಿದ ವಿಜಯ ಸಂಕೇಶ್ವರರೇ 2012ರಲ್ಲಿ ವಿಜಯವಾಣಿ ತಂದರು. ಓದುಗರಿಗೆ ಇನ್ನೊಂದು ಆಯ್ಕೆ ಸಿಕ್ಕಿತು, ಒಳ್ಳೆಯದೇ ಆಯಿತು. ಆದರೆ ಹಾಗೆ ಮರಳಿ ಬರಲು ಬಂಡವಾಳ ಬೇಕು, ಎಲ್ಲರಲ್ಲೂ ಇರುವುದಿಲ್ಲ. 2024ರ ನವೆಂಬರಿನಲ್ಲಿ ರಿಲಯನ್ಸ್ ಮತ್ತು ಡಿಸ್ನಿಯ ಭಾರತದ ಚಾನೆಲ್‌ಗಳು ವಿಲೀನವಾದ ಮೇಲೆ ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಒಂದೇ ಮನೆಯವು. ಧಾರಾವಾಹಿಗಾಗಿ ಅತ್ತೆ ಸೊಸೆ ರಿಮೋಟ್ ಕಿತ್ತಾಡಿದರೆ ಗೆಲ್ಲುವವರು ಬೇರೆಯೇ. ಧಾರಾವಾಹಿಗಳ ಮಟ್ಟಿಗೆ ನನಗೆ ಅಂಥ ಚಿಂತೆಯಿಲ್ಲ. ಸುದ್ದಿಯ ಮಾತು ಬೇರೆ.

ನಿಮ್ಮೂರಿನ ಪತ್ರಿಕೆ ಯಾರದೆಂದು ತಿಳಿಯಬೇಕಾದರೆ ಕೊನೆಯ ಪುಟದ ತಳ ನೋಡಿ. ಮಾಲೀಕರು, ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರೆಂದು ಇರುವೆಯಂಥ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಮಾಲೀಕರು ಕಂಪನಿಯಾಗಿದ್ದರೆ ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನಿರ್ದೇಶಕರ ಹೆಸರು ಸಿಗುತ್ತದೆ. ನಮ್ಮ ಮಾಲೀಕರ ಹೆಸರೂ ಪ್ರತಿದಿನ ಆ ತಳದಲ್ಲಿ ಇರುತ್ತಿತ್ತು. ನಾನು ಕತ್ತರಿಸಿ ತೆಗೆಯುತ್ತಿದ್ದದ್ದು ಬಸ್ಸಿನ ಮೇಲಿದ್ದ ಅವರ ಮಗಳ ಹೆಸರನ್ನು.