ಪ್ರತಿಕ್ರಿಯೆ: ರೆಪ್ಪೆಯ ಸೆಳೆತಕ್ಕೆ ಬೊಟಾಕ್ಸ್ ಏಕೆ?

ತಾಯಿಯವರ ಕಣ್ಣುರೆಪ್ಪೆಗಳು ತಾವಾಗಿಯೇ ಬಿಗಿದು ಮುಚ್ಚಿಕೊಳ್ಳುತ್ತವೆ, ವೈದ್ಯರು ಬೊಟಾಕ್ಸ್ ಸೂಚಿಸಿದ್ದಾರೆ, ಸುಕ್ಕು ತೆಗೆಯುವ ಮದ್ದು ಇಲ್ಲೇಕೆ ಎಂದು ಕೇಳಿದ್ದೀರಿ. ನಿಜಕ್ಕೂ ಕಣ್ಣಿನ ಚಿಕಿತ್ಸೆಯೇ ಇದರ ಮೂಲ. ಅಮೆರಿಕದಲ್ಲಿ 1989ರಲ್ಲಿ ಮೊದಲ ಅನುಮತಿ ದೊರೆತದ್ದು ಮೆಳ್ಳೆಗಣ್ಣು ಮತ್ತು ರೆಪ್ಪೆಯ ಸೆಳೆತಕ್ಕೆ. ಹುಬ್ಬಿನ ನಡುವಿನ ಗೆರೆಗಳಿಗೆ ಸಿಕ್ಕಿದ್ದು 2002ರಲ್ಲಿ. ಹೆಸರು ಮಾಡಿದ್ದು ಮಾತ್ರ ಸೌಂದರ್ಯದ ಲೆಕ್ಕದಲ್ಲಿ!

ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ, ಸ್ನಾಯುವಿಗೆ ಸಂದೇಶ ಒಯ್ಯುವ ರಾಸಾಯನಿಕ ಬಿಡುಗಡೆಯಾಗದಂತೆ ಇದು ತಡೆಯುತ್ತದೆ. ಬಿಗಿಯಾಗು ಎಂಬ ಆದೇಶ ಸ್ನಾಯುವಿಗೆ ತಲುಪದೆ ಅದು ಸಡಿಲಗೊಳ್ಳುತ್ತದೆ. ಪರಿಣಾಮ ಕೆಲವು ದಿನಗಳಲ್ಲಿ ಕಾಣಿಸಿಕೊಂಡು ಸುಮಾರು ಮೂರು ತಿಂಗಳು ಉಳಿಯುತ್ತದೆ. ಕಾಯಿಲೆ ವಾಸಿಯಾಗುವುದಿಲ್ಲ, ಆದ್ದರಿಂದ ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕು. ಕತ್ತು ತಿರುಚಿಕೊಳ್ಳುವ ಡಿಸ್ಟೋನಿಯಾ, ಪಾರ್ಶ್ವವಾಯುವಿನ ನಂತರದ ಸ್ನಾಯು ಬಿಗಿತ, ಕಂಕುಳಿನ ಅತಿ ಬೆವರು, ಇವಕ್ಕೂ ಬಳಸುತ್ತಾರೆ. ತಿಂಗಳಿಗೆ 15 ಅಥವಾ ಹೆಚ್ಚು ದಿನ ತಲೆನೋವು ಕಾಡುವ ಮೈಗ್ರೇನ್‌ಗೂ ಉಂಟು.

ಕೆಲವರಿಗೆ ರೆಪ್ಪೆ ಜೋತುಬೀಳಬಹುದು, ಕಣ್ಣು ಒಣಗಬಹುದು, ಸಾಮಾನ್ಯವಾಗಿ ತಾತ್ಕಾಲಿಕ. ಮಯಸ್ತೇನಿಯಾ ಗ್ರಾವಿಸ್‌ನಂತಹ, ಸ್ನಾಯುಗಳು ಬೇಗ ದಣಿದು ದುರ್ಬಲವಾಗುವ ಕಾಯಿಲೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ. ಚುಚ್ಚುಮದ್ದಿನ ನಂತರ, ದಿನಗಳು ಕಳೆದಿದ್ದರೂ ಸರಿ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.