ಹಳ್ಳಿ ಮನೆಯಲ್ಲಿ ಪರ್ಷಿಯನ್ ಬೆಕ್ಕನ್ನು ಬಿಟ್ಟು ಸಾಕಬಹುದಾ?

ನಿಮ್ಮದು ಚಿಂತಾಮಣಿ ಹತ್ತಿರದ ಹಳ್ಳಿ, ದೊಡ್ಡ ಅಂಗಳ ಇದೆ, ಮಗಳಿಗೆ ಉದ್ದ ಕೂದಲಿನ ಪರ್ಷಿಯನ್ ಮರಿ ಬೇಕು. ನಾಟಿ ಬೆಕ್ಕಿನ ಥರ ಬಾಗಿಲು ತೆಗೆದು ಬಿಟ್ಟು ಸಾಕಬಹುದಾ, ಕೂದಲಿನ ಕೆಲಸ ಎಷ್ಟಿರುತ್ತದೆ ಅಂತ ಕೇಳಿದ್ದೀರಿ.

ಬಿಟ್ಟು ಸಾಕಬೇಡಿ. ಯಾಕೆ ಅಂತ ಹೇಳಬೇಕಾದರೆ ನಮ್ಮ ಮಲ್ಲಿಯ ಕಥೆ ಹೇಳಬೇಕು. ಸ್ವಲ್ಪ ಉದ್ದ ಆಗುತ್ತೆ, ಓದಿ.

ನಮ್ಮೂರು ಕೋಲಾರದಿಂದ ಮುಳಬಾಗಿಲಿಗೆ ಹೋಗುವ ರಸ್ತೆಯಿಂದ ಒಳಕ್ಕೆ ಇದೆ. ಎರಡು ಎಕರೆ ಟೊಮೆಟೊ, ಒಂದಿಷ್ಟು ರಾಗಿ, ನಾಲ್ಕು ಹಸು. ಮನೆಯಲ್ಲಿ ಬೆಕ್ಕು ಯಾವಾಗಲೂ ಇತ್ತು, ಆದರೆ ಅದು ಇಲಿ ಹಿಡಿದುಕೊಂಡು ತನ್ನ ಪಾಡಿಗೆ ತಾನಿರುವ ಬೆಕ್ಕು. ಉದ್ದ ಕೂದಲಿನವು ಬಂದಿದ್ದು 2021ರಲ್ಲಿ. ಬೆಂಗಳೂರಿನಲ್ಲಿ ನಮ್ಮ ನಾದಿನಿಯ ಪಕ್ಕದ ಮನೆಯವರು ವಿದೇಶಕ್ಕೆ ಹೊರಟಾಗ ಅವರ ಎರಡು ಬೆಕ್ಕುಗಳಿಗೆ ಮನೆ ಬೇಕಾಗಿತ್ತು. ನಾನು ಹೂಂ ಅಂದೆ. ಬಿಳಿಯದು ಮಲ್ಲಿ, ಬೂದಿ ಬಣ್ಣದ್ದು ಕರಿಯ. ಅತ್ತೆ ಮಲ್ಲಿಯನ್ನು ಮೊದಲ ಸಲ ಎತ್ತಿಕೊಂಡಾಗ "ಇದೇನಮ್ಮ, ಕುರಿಮರಿ ಥರ ಇದೆಯಲ್ಲ" ಅಂದರು. ಮೈಮೇಲಿನ ಕೂದಲು ಒತ್ತಿ ನೋಡಿದರೆ ಒಳಗೆ ಇಷ್ಟೇ ಇಷ್ಟು ಮೈ.

ಮೊದಮೊದಲು ನಾನೂ ಅಂಗಳಕ್ಕೆ ಬಿಟ್ಟೆ. ಸಂಜೆ ಬಂದರೆ ಮೈತುಂಬ ಉತ್ತರಾಣಿ. ಆ ಕಾಯಿ ಸೀರೆ ಅಂಚಿಗೆ ಅಂಟಿದರೇ ಕೀಳೋಕೆ ಎಷ್ಟು ಹೊತ್ತು ಬೇಕು ಅಂತ ನಿಮಗೆ ಗೊತ್ತಲ್ವಾ. ಹೊಟ್ಟೆಯ ಕೂದಲಿಗೆ ಹೊಕ್ಕಿದರೆ ಒಂದೊಂದನ್ನೇ ಬೆರಳಿನಿಂದ ಬಿಡಿಸಬೇಕು, ಬಿಡಿಸದಿದ್ದರೆ ಅದರ ಸುತ್ತ ಕೂದಲು ಜಡೆಗಟ್ಟುತ್ತದೆ. ಒಂದು ವಾರಕ್ಕೆ ಅಂಗಳ ನಿಲ್ಲಿಸಿದೆ. ಆಮೇಲೆ ಅವು ಪಡಸಾಲೆ, ನಡುಮನೆ, ಜಾಲರಿ ಹಾಕಿದ ಕಿಟಕಿ, ಇಷ್ಟರಲ್ಲೇ ಇದ್ದವು. ನೆಮ್ಮದಿಯಾಗಿಯೂ ಇದ್ದವು.

ಹಾಗಿದ್ದೂ ಮಲ್ಲಿ ಕಳೆದುಹೋದಳು.

2023ರ ಜುಲೈ. ಆ ತಿಂಗಳು ನಿಮ್ಮ ಕಡೆಯೂ ಯಾರೂ ಮರೆತಿರಲಾರರು. ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ 15 ಕೆಜಿ ಬಾಕ್ಸಿಗೆ 2000 ರೂಪಾಯಿ ದಾಟಿತ್ತು. ಜನ ರಾತ್ರಿ ತೋಟದಲ್ಲೇ ಕಾವಲು ಮಲಗುತ್ತಿದ್ದರು. ಕಿತ್ತ ಹಣ್ಣನ್ನು ಶೆಡ್ಡಿನಲ್ಲಿ ಬಿಡೋಕೆ ಧೈರ್ಯ ಬರದೆ ನಾವು ಬಾಕ್ಸುಗಳನ್ನೆಲ್ಲ ಪಡಸಾಲೆಯೊಳಗೇ ತಂದು ಜೋಡಿಸಿದೆವು, ಮಂಡಿಗೆ ವಾಪಸ್ ಕೊಡಬೇಕಾದ ಖಾಲಿ ಬಾಕ್ಸುಗಳನ್ನೂ ಅಲ್ಲೇ ಇಟ್ಟೆವು. ಖಾಲಿ ಬಾಕ್ಸ್ ಕಂಡರೆ ಬೆಕ್ಕು ಒಳಗೆ ಕೂರದೆ ಇರುತ್ತದಾ? ಅದು ನಮಗೆ ಹೊಳೆಯಲೇ ಇಲ್ಲ. ಬೆಳಗಿನ ಜಾವ ಮೂರೂವರೆಗೆ ಮೈದುನ ಏಸ್ ಗಾಡಿ ತಂದರು. ಕರೆಂಟ್ ಇರಲಿಲ್ಲ. ಟಾರ್ಚ್ ಬೆಳಕಿನಲ್ಲಿ ಲೋಡ್ ಮಾಡಿ, ಖಾಲಿ ಬಾಕ್ಸುಗಳನ್ನು ಮೇಲೆ ಪೇರಿಸಿ, ಟಾರ್ಪಾಲು ಬಿಗಿದು ಕಳಿಸಿದೆವು.

ದಿನಾ ಬೆಳಗ್ಗೆ ಏಳಕ್ಕೆ ನಾನು ಬಾಚಣಿಗೆ ಇಡುವ ತಗಡಿನ ಡಬ್ಬಿ ತೆಗೆಯುತ್ತೇನೆ. ಆ ಸದ್ದಿಗೆ ಎರಡೂ ಬಂದು ಕೂರುತ್ತವೆ. ಅವತ್ತು ಕರಿಯ ಒಬ್ಬನೇ ಬಂದ. ಡಬ್ಬಿಯನ್ನು ಇನ್ನೊಂದು ಸಲ ಬಡಿದೆ, ಆಮೇಲೆ ಮನೆಯೆಲ್ಲ ಬಡಿದುಕೊಂಡು ತಿರುಗಿದೆ. ಹಾಸಿಗೆ ಕೆಳಗೆ, ಅಟ್ಟ, ಹಿತ್ತಿಲು, ಕೊಟ್ಟಿಗೆ. ಒಂದು ಗಂಟೆ ಹುಡುಕಿದ ಮೇಲೆ ಖಾಲಿ ಬಾಕ್ಸುಗಳ ನೆನಪಾಗಿ ಕೈಕಾಲು ತಣ್ಣಗಾಯಿತು.

ಫೋನಿನಲ್ಲಿ ಅವಳ ಫೋಟೊ ಇಟ್ಟುಕೊಂಡು ನಾನೂ ನಮ್ಮ ಯಜಮಾನರೂ ಮಂಡಿಗೆ ಹೋದೆವು. ಹರಾಜು ಜೋರಾಗಿ ನಡೆಯುತ್ತಿತ್ತು. ಸಾವಿರಾರು ಬಾಕ್ಸುಗಳ ನಡುವೆ ಒಂದು ಬೆಕ್ಕನ್ನು ಎಲ್ಲಿ ಅಂತ ಹುಡುಕುವುದು? ಹಮಾಲಿ ಒಬ್ಬರು ಮಾತ್ರ ಫೋಟೊ ನೋಡಿ, ಗಾಡಿ ಇಳಿಸುವಾಗ ಬಿಳಿ ಏನೋ ಹಾರಿ ಲಾರಿಗಳ ಕಡೆ ಓಡಿತು ಅಂದರು. ಸಂಜೆವರೆಗೂ ಪ್ರತಿ ಲಾರಿಯ ಕೆಳಗೂ ಬಗ್ಗಿ ಕರೆದೆ. ಸಿಗಲಿಲ್ಲ. ನಮ್ಮ ನಂಬರನ್ನು ಮಂಡಿಯ ಗುಮಾಸ್ತರ ಹತ್ತಿರ ಬರೆಸಿ ಬಂದೆವು.

ಮಾರನೆಯ ದಿನ ಹನ್ನೊಂದು ಗಂಟೆಗೆ ಅವರಿಂದಲೇ ಫೋನು. ಚೆನ್ನೈನ ಕೋಯಂಬೇಡು ಮಾರ್ಕೆಟ್ಟಿನಲ್ಲಿ ಲೋಡ್ ಇಳಿಸುವಾಗ ಬಾಕ್ಸುಗಳ ಸಂದಿಯಲ್ಲಿ ಒಂದು ಬಿಳಿ ಬೆಕ್ಕು ಸಿಕ್ಕಿದೆಯಂತೆ! ಕೋಲಾರ, ಮುಳಬಾಗಿಲು, ನಂಗಲಿ, ಪಲಮನೇರು, ಚಿತ್ತೂರು, ರಾಣಿಪೇಟೆ ದಾಟಿ ಸುಮಾರು 270 ಕಿಲೋಮೀಟರ್. ಬದುಕಿದ್ದೇ ದೊಡ್ಡದು. ಅವಳನ್ನು ಪತ್ತೆ ಹಚ್ಚಿಕೊಟ್ಟಿದ್ದು ಬಾಕ್ಸು. ಇಲ್ಲಿ ಪ್ರತಿ ಮಂಡಿಯವರೂ ಬಾಕ್ಸಿನ ಮೇಲೆ ತಮ್ಮ ಹೆಸರು, ಫೋನ್ ನಂಬರ್ ಹಾಕಿಸಿರುತ್ತಾರಲ್ಲ, ಅದನ್ನು ನೋಡಿ ಡ್ರೈವರ್ ಫೋನ್ ಮಾಡಿದ್ದರು. ಇಷ್ಟು ಕೂದಲಿರುವ ಬೆಕ್ಕು ಯಾರೋ ಸಾಕಿದ್ದೇ ಇರಬೇಕು ಅಂತ ಅವರಿಗೆ ಅನಿಸಿತಂತೆ. ಒಂದು ಖಾಲಿ ಬಾಕ್ಸಿನಲ್ಲಿ ಗೋಣಿಚೀಲ ಹಾಸಿ, ಅವಳನ್ನು ಕೂರಿಸಿ, ಮೇಲೆ ಇನ್ನೊಂದು ಬಾಕ್ಸ್ ಬೋರಲು ಹಾಕಿ ಹಗ್ಗ ಕಟ್ಟಿ, ಲಾರಿಯ ಕ್ಯಾಬಿನ್ನಿನಲ್ಲೇ ಇಟ್ಟುಕೊಂಡು ತಂದರು. ಶನಿವಾರ ಬೆಳಗ್ಗೆ ಮಂಡಿ ಗೇಟಿನ ಹತ್ತಿರ ನನ್ನ ಕೈಗೆ ಕೊಟ್ಟರು. ದುಡ್ಡು ಕೊಡೋಕೆ ಹೋದರೆ ಮುಟ್ಟಲಿಲ್ಲ. ಆ ಅಣ್ಣನನ್ನು ಈಗಲೂ ನೆನೆಸಿಕೊಳ್ಳುತ್ತೇನೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾಟಿ ಬೆಕ್ಕಾಗಿದ್ದರೆ ಎರಡು ದಿನದ ದಣಿವು, ಹೆದರಿಕೆ ಅಷ್ಟರಲ್ಲೇ ಮುಗಿಯುತ್ತಿತ್ತೇನೋ. ಮಲ್ಲಿಯ ಸ್ಥಿತಿ ಬೇರೆ ಇತ್ತು. ಒಡೆದ ಹಣ್ಣಿನ ರಸ, ಗ್ರೀಸು, ಧೂಳು ಸೇರಿ ಹೊಟ್ಟೆಯ ಕೂದಲು ಹಲಗೆಯಾಗಿತ್ತು. ಎರಡೂ ಕಂಕುಳಲ್ಲಿ ಗಂಟು. ಗಂಟು ಚರ್ಮವನ್ನು ಎಳೆದು ಎಳೆದು ಕೆಂಪಾಗಿತ್ತು, ಕಾಲು ಚಾಚಿದರೆ ನೋವು. ನೇರ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವರು ಮೊದಲು ಕೇಳಿದ್ದು ಕೊನೆಯ ಸಲ ತಿಂದಿದ್ದು ಯಾವಾಗ ಅಂತ. ಡ್ರೈವರ್ ಹಾಲು, ಬನ್ನು ಇಟ್ಟಿದ್ದರು, ಇವಳು ಮುಟ್ಟಿರಲಿಲ್ಲ. ಬೆಕ್ಕು ಎರಡು ಮೂರು ದಿನ ಪೂರ್ತಿ ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಲಿವರಿಗೆ ಬಂದು ತುಂಬಿಕೊಂಡು ಜೀವಕ್ಕೇ ಅಪಾಯ ಆಗಬಹುದು, ದಪ್ಪ ಇರುವ ಬೆಕ್ಕಿಗೆ ಇನ್ನೂ ಜಾಸ್ತಿ ಅಂದರು. ನಾಯಿಯನ್ನು ನೋಡಿದ ಕಣ್ಣಿನಿಂದ ಬೆಕ್ಕನ್ನು ನೋಡಬಾರದು ಅನ್ನೋದು ಅವತ್ತು ಗೊತ್ತಾಯಿತು.

ಎರಡನೆಯದಾಗಿ ಅವರು ಕೇಳಿದ್ದು, ಹಣ್ಣಿಗೆ ಯಾವ ಔಷಧಿ ಹೊಡೆದಿದ್ದಿರಿ ಅಂತ. ಇದನ್ನು ನೀವು ಗಮನವಿಟ್ಟು ಓದಿ, ನಿಮ್ಮ ಕಡೆಯೂ ಟೊಮೆಟೊ, ಹೂಕೋಸು ಇದ್ದೇ ಇರುತ್ತವೆ. ಸೈಪರ್‌ಮೆಥ್ರಿನ್, ಪರ್‌ಮೆಥ್ರಿನ್ ಥರದ ಔಷಧಿ ಬೆಕ್ಕಿಗೆ ವಿಷ. ಅದನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ತುಂಬ ಕಡಿಮೆ. ಬೆಕ್ಕು ದಿನವಿಡೀ ಮೈ ನೆಕ್ಕುವ ಪ್ರಾಣಿ, ಉದ್ದ ಕೂದಲು ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಕೂದಲಿಗೆ ಅಂಟಿದ್ದು ಹೊಟ್ಟೆಗೂ ಹೋಗುತ್ತದೆ. ನಾಯಿಯ ಉಣ್ಣೆ ಹುಳಕ್ಕೆ ಹಾಕುವ ಕೆಲವು ಔಷಧಿಗಳಲ್ಲೂ ಇದೇ ಪರ್‌ಮೆಥ್ರಿನ್ ಇರುತ್ತದೆ, ಮಿಕ್ಕಿದ್ದನ್ನು ಬೆಕ್ಕಿಗೆ ಹಚ್ಚಲೇಬೇಡಿ. ಜ್ವರ ಬಂದಿದೆ ಅಂತ ಪ್ಯಾರಾಸಿಟಮಾಲ್ ಕೊಡುವುದೂ ಅಷ್ಟೇ, ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಮಲ್ಲಿಗೆ ಡ್ರಿಪ್ ಹಾಕಿದರು, ಹೊಟ್ಟೆ, ಕಂಕುಳ ಕೂದಲನ್ನು ಮಷಿನ್ನಿನಿಂದ ತೆಗೆದು ಉಳಿದ ಮೈಯನ್ನು ತೊಳೆದರು. ಸಂಜೆ ನನ್ನ ಬೆರಳಿನಿಂದ ಎರಡು ತುತ್ತು ಬೇಯಿಸಿದ ಕೋಳಿ ತಿಂದಳು. ನಾನು ಅತ್ತುಬಿಟ್ಟೆ.

ಮನೆಗೆ ಬಂದರೆ ಕರಿಯ ಅವಳನ್ನು ನೋಡಿ ಬುಸ್ ಅಂದ. ಎರಡು ವರ್ಷ ಒಂದೇ ಗೋಣಿಯ ಮೇಲೆ ಮಲಗಿದ್ದವನು. ಬೆಕ್ಕುಗಳು ಒಂದನ್ನೊಂದು ಗುರುತಿಸುವುದು ಹೆಚ್ಚಾಗಿ ವಾಸನೆಯಿಂದ, ಅವಳ ಮೈಯಲ್ಲಿ ಆಸ್ಪತ್ರೆ ವಾಸನೆ ಇತ್ತು. ನಾಲ್ಕು ದಿನ ಬೇರೆ ಬೇರೆ ಕೋಣೆಯಲ್ಲಿಟ್ಟು, ಇವನನ್ನು ಒರೆಸಿದ ಬಟ್ಟೆ ಅವಳಿಗೆ, ಅವಳನ್ನು ಒರೆಸಿದ್ದು ಇವನಿಗೆ ಕೊಟ್ಟೆ. ಐದನೆಯ ದಿನ ಅವಳ ಕಿವಿ ನೆಕ್ಕಿದ.

ಕೂದಲಿನ ಕೆಲಸ ಎಷ್ಟು ಅಂದಿರಲ್ಲ. ಒಂದು ಬೆಕ್ಕಿಗೆ ದಿನಕ್ಕೆ ಹದಿನೈದು ನಿಮಿಷ, ಒಂದು ದಿನವೂ ತಪ್ಪಿಸದೆ. ಸ್ಟೀಲಿನ ಹಲ್ಲಿರುವ ಬಾಚಣಿಗೆ ಬೇಕು, ಒಂದು ಕಡೆ ಬಿಡಿ ಹಲ್ಲು, ಇನ್ನೊಂದು ಕಡೆ ಒತ್ತು ಹಲ್ಲು ಇರುವಂಥದ್ದು. ಬರೀ ಬೆನ್ನು ಸವರಿದರೆ ಬಾಚಿದ ಹಾಗಲ್ಲ. ಕಿವಿ ಹಿಂದೆ, ಕಂಕುಳು, ಹೊಟ್ಟೆ, ತೊಡೆಯ ಹಿಂಭಾಗ, ಜಡೆಗಟ್ಟುವುದು ಅಲ್ಲೇ. ಗಂಟು ಕಂಡರೆ ದಯವಿಟ್ಟು ಕತ್ತರಿ ಹಿಡಿಯಬೇಡಿ. ಬೆಕ್ಕಿನ ಚರ್ಮ ತುಂಬ ತೆಳು, ಗಂಟಿನ ಜೊತೆಗೇ ಮೇಲಕ್ಕೆ ಬಂದಿರುತ್ತದೆ, ಗೊತ್ತಾಗದೆ ಚರ್ಮವನ್ನೇ ಕತ್ತರಿಸಿಬಿಡುತ್ತೀರಿ. ಬೆರಳಿನಿಂದ ಬಿಡಿಸಿ, ಆಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಸ್ನಾನ ಮಾಡಿಸುವ ಮುಂಚೆ ಪೂರ್ತಿ ಬಾಚಬೇಕು, ಗಂಟು ನೆನೆದರೆ ಇನ್ನೂ ಬಿಗಿಯುತ್ತದೆ. ಬಾಚದೆ ಬಿಟ್ಟ ಕೂದಲನ್ನು ಅದೇ ನುಂಗುತ್ತದೆ, ಯಾಕೆಂದರೆ ನಾಲಿಗೆಯ ಮೇಲಿನ ಮುಳ್ಳುಗಳೆಲ್ಲ ಗಂಟಲ ಕಡೆಗೇ ಬಾಗಿರುತ್ತವೆ, ಸಿಕ್ಕಿದ್ದನ್ನು ಉಗುಳೋಕಾಗಲ್ಲ. ಆಮೇಲೆ ಉಂಡೆಯಾಗಿ ವಾಂತಿ. ಮುಖ ಚಪ್ಪಟೆ ಇರುವುದರಿಂದ ಕಣ್ಣಲ್ಲಿ ನೀರು ಸೋರುತ್ತಿರುತ್ತದೆ, ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ದಿನಾ ಒರೆಸಬೇಕು.

ಬಾಚುವುದು ಬರೀ ಅಂದಕ್ಕಲ್ಲ. ಇಷ್ಟು ಕೂದಲಿನೊಳಗೆ ಏನಾಗಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಹೋದ ವರ್ಷ ಕರಿಯ ಸಣಕಲಾಗುತ್ತಿದ್ದಾನೆ ಅಂತ ನನ್ನ ಕೈಗೆ ತಿಳಿಯಿತು, ಬೆನ್ನುಮೂಳೆ ಬಾಚಣಿಗೆಗೆ ತಾಗುತ್ತಿತ್ತು. ನೋಡಿದವರೆಲ್ಲ ದುಂಡಗಿದ್ದಾನೆ ಅನ್ನುತ್ತಿದ್ದರು. ಹಲ್ಲು ಕೆಟ್ಟು ಊಟ ಬಿಟ್ಟಿದ್ದ. ನಾಟಿ ಬೆಕ್ಕು ತನ್ನ ಮೈ ತಾನೇ ನೋಡಿಕೊಳ್ಳುತ್ತದೆ. ಇದಕ್ಕೆ ಆಗುವುದಿಲ್ಲ, ನಮ್ಮ ಕೈಯೇ ಬೇಕು. ಬಿಟ್ಟು ಸಾಕಬೇಡಿ ಅಂತ ನಾನು ಹೇಳುವುದು ಇದೇ ಕಾರಣಕ್ಕೆ.

ಬಿಸಿಲಿನ ವಿಷಯ. ಇವು ನಮ್ಮ ಬಯಲುಸೀಮೆಯವಲ್ಲ. 1620ರ ಸುಮಾರಿಗೆ ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನುವ ಇಟಲಿಯ ಪ್ರವಾಸಿ ಪರ್ಷಿಯಾದಲ್ಲಿದ್ದಾಗ ಖೊರಾಸಾನ್ ಕಡೆಯ ಉದ್ದ ಕೂದಲಿನ ಬೆಕ್ಕುಗಳನ್ನು ನೋಡಿ ಮರುಳಾಗಿ, ರೋಮಿಗೆ ಒಯ್ಯಬೇಕು ಅಂತ ಪತ್ರ ಬರೆದಿದ್ದ. ಅದೇ ಮನುಷ್ಯ 1623ರಲ್ಲಿ ನಮ್ಮ ಇಕ್ಕೇರಿಗೂ ಬಂದು ಕೆಳದಿಯ ಅರಸ ವೆಂಕಟಪ್ಪ ನಾಯಕರನ್ನು ಕಂಡು ಹೋದ. ಇದು ಓದಿದಾಗಿನಿಂದ ನನಗೆ ಅವನ ಮೇಲೆ ಒಂದು ಥರ ಅಕ್ಕರೆ. ಖೊರಾಸಾನ್ ಚಳಿಗಾಲ ಕೊರೆಯುವ ನಾಡು, ಈ ಕೂದಲು ಅಲ್ಲಿಗೆ ಸರಿ. ಚಪ್ಪಟೆ ಮೂಗು ಆಮೇಲೆ ಜನ ಆರಿಸಿ ಆರಿಸಿ ಬೆಳೆಸಿದ್ದು, ಅದರಿಂದ ಉಸಿರಾಟ ಕಷ್ಟ. ಏಪ್ರಿಲ್, ಮೇನಲ್ಲಿ ನಮ್ಮ ಶೀಟಿನ ಕೋಣೆಗೆ ಅವನ್ನು ಬಿಡುವುದೇ ಇಲ್ಲ. ಹೆಂಚಿನ ನಡುಮನೆ, ಒದ್ದೆ ಗೋಣಿ, ಎರಡು ಕಡೆ ನೀರು. ಬೆಕ್ಕು ನಾಯಿಯ ಥರ ಬಾಯಿ ತೆರೆದು ಏದುಸಿರು ಬಿಟ್ಟರೆ ಕಾಯಬೇಡಿ, ಮೈ ತಣ್ಣಗೆ ಒರೆಸುತ್ತಾ ಆಸ್ಪತ್ರೆಗೆ ಓಡಿ. ಬೇಸಿಗೆ ಅಂತ ಪೂರ್ತಿ ಬೋಳಿಸುವುದೂ ಬೇಡ, ಚರ್ಮಕ್ಕೆ ನೇರ ಬಿಸಿಲು ಬಡಿಯುತ್ತದೆ.

ಮರಿ ತರುವ ಮುಂಚೆ ಒಂದು ಮಾತು ಕೇಳಿ. ಪರ್ಷಿಯನ್ ಬೆಕ್ಕುಗಳಲ್ಲಿ ಕಿಡ್ನಿಯಲ್ಲಿ ನೀರುಗುಳ್ಳೆ ಬೆಳೆಯುವ ವಂಶದ ಕಾಯಿಲೆ ಇದೆ. ತಂದೆ ತಾಯಿಯಲ್ಲಿ ಒಂದಕ್ಕಿದ್ದರೂ ಮರಿಗೆ ಬರಬಹುದು. ಜೀನ್ ಟೆಸ್ಟ್ ಇದೆ, ಸ್ಕ್ಯಾನಿಂಗಿನಲ್ಲೂ ಕಾಣುತ್ತದೆ. ಮಾರುವವರು ಟೆಸ್ಟ್ ಮಾಡಿಸಿದ್ದಾರಾ ಕೇಳಿ, ಆ ಪ್ರಶ್ನೆಗೇ ಸಿಟ್ಟು ಮಾಡಿಕೊಂಡರೆ ಅಲ್ಲಿ ತರಬೇಡಿ. ಇನ್ನೊಂದು, ಮನೆಯ ನಾಟಿ ಬೆಕ್ಕಿನ ಜೊತೆ ಸೇರಿಸಿ ಉದ್ದ ಕೂದಲಿನ ಮರಿ ಪಡೆಯುವ ಆಸೆ ಇದ್ದರೆ ಬಿಟ್ಟುಬಿಡಿ. ಉದ್ದ ಕೂದಲಿನ ಜೀನ್ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮರಿಯಲ್ಲಿ ಕಾಣುತ್ತದೆ. ಮರಿಯಾಗದ ಹಾಗೆ ಆಪರೇಷನ್ ಮಾಡಿಸಿ, ರೇಬೀಸ್ ಸೇರಿ ಲಸಿಕೆಗಳನ್ನು ತಪ್ಪದೆ ಹಾಕಿಸಿ.

ತರುವುದು ನಿಶ್ಚಯವಾದರೆ ಬೇಸಿಗೆ ಕಳೆದ ಮೇಲೆ ತನ್ನಿ. ಮೊದಲ ಒಂದು ವಾರ ಒಂದೇ ಕೋಣೆ, ಕಕ್ಕಸಿಗೆ ಮಣ್ಣು ತುಂಬಿದ ತೊಟ್ಟಿ ಒಂದು ಮೂಲೆಗೆ, ಊಟ ಇನ್ನೊಂದು ಮೂಲೆಗೆ. ಬಾಚಣಿಗೆಯನ್ನು ಮೊದಲ ದಿನವೇ ಮಗಳ ಕೈಗೆ ಕೊಡಿ, ಐದೈದು ನಿಮಿಷ ಸಾಕು, ಮರಿಗೆ ಅಭ್ಯಾಸ ಆಗುತ್ತೆ. ಕತ್ತಿಗೆ ಒಂದು ಪಟ್ಟಿ ಕಟ್ಟಿ ಫೋನ್ ನಂಬರ್ ಹೊಲಿಸಿ, ಎಳೆದರೆ ತಾನಾಗಿ ಬಿಚ್ಚಿಕೊಳ್ಳುವ ಪಟ್ಟಿ ಇರಲಿ. ಮತ್ತೆ, ನಿಮ್ಮಲ್ಲಿ ಹಣ್ಣಿನ ಲೋಡ್ ಹೋಗುವುದಾದರೆ ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಬೆಕ್ಕು ಎಲ್ಲಿದೆ ಅಂತ ಕಣ್ಣಾರೆ ನೋಡಿ. ನಮ್ಮ ಮೈದುನ ಈಗ ಮಲ್ಲಿಯನ್ನು ಕಿಟಕಿಯಲ್ಲಿ ಕಾಣುವವರೆಗೂ ಕೀ ತಿರುಗಿಸುವುದಿಲ್ಲ.